ಅಕ್ಕನ ಗದ್ದೆಯ ಬಾರುಕೋಲು

ಮೊನ್ನೆ ಪಿರಿಯಾಪಟ್ಟಣದಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಬೇಕಾಗಿದ್ದದ್ದು ಗಂಬೂಟು. ಹೆಂಗಸರ ಅಳತೆಯದು.

ಒಬ್ಬರು ಇಲ್ಲವೆಂದು ತಲೆಯಾಡಿಸಿದರು. ಇನ್ನೊಬ್ಬರು ಗಂಡಸರ ಬೂಟು ತೆಗೆದು ಮುಂದಿಟ್ಟರು. (ಅದರಲ್ಲಿ ಒಂದರೊಳಗೆ ನನ್ನ ಎರಡು ಕಾಲೂ ಹಿಡಿಸುತ್ತಿದ್ದವು.) ಕೊನೆಗೆ ಪೈಪು, ಸ್ಪ್ರೇಯರು, ಟಾರ್ಪಾಲು ಮಾರುವ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಯಾರಿಗೆ ಮೇಡಂ?"

"ನಾಟಿ ಹಾಕೋ ಹೆಂಗಸರಿಗೆ."

ಅವರಿಗೆ ನಗು ತಡೆಯಲಾಗಲಿಲ್ಲ. "ಬೂಟ್ ಆಕ್ಕೊಂಡು ನಾಟಿಗಿಳುದ್ರೆ ಬೂಟು ಕೆಸರಲ್ಲೇ ಉಳ್ಕತದೆ ಮೇಡಂ. ಕಾಲು ಮಾತ್ರ ಆಚೆ ಬತ್ತದೆ. ಎಂಗಸ್ರು ಸೈಜು ನಾವು ತರ್ಸದೂ ಇಲ್ಲ. ಕೇಳೋರೇ ಇಲ್ವಲ್ಲ."

ಕೇಳೋರೇ ಇಲ್ಲ. ನಮ್ಮ ಸೀಮೆಯ ಗದ್ದೆಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಬಗ್ಗಿ ನಿಂತು ಪೈರು ನೆಡುವವರು ಹೆಂಗಸರು. ಬೂಟಿನ ಅಳತೆ ಮಾತ್ರ ಗಂಡಸರದು. ಬರಿಗೈಯಲ್ಲಿ ಬಸ್ ಹತ್ತಿದೆ.

ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವ ಮೇಡಂಗೆ ಇದ್ದಕ್ಕಿದ್ದಂತೆ ಬೂಟಿನ ಚಿಂತೆ ಯಾಕೆ ಹತ್ತಿತು? ಹೇಳುತ್ತೇನೆ. ಹುಣಸೂರಿನ ಬಸ್ಸು, ನಮ್ಮ ಸ್ಟಾಫ್ ರೂಮು, ನನ್ನ ಅಡುಗೆಯ ಎಡವಟ್ಟುಗಳನ್ನು ಓದಿ ನಗಲೆಂದು ಈ ಅಂಕಣದ ಪುಟ ತೆರೆಯುವವರು ಈ ವಾರ ಕ್ಷಮಿಸಬೇಕು. ಈ ವಾರ ನಮ್ಮಕ್ಕನ ವಿಷಯ.

ನಮ್ಮಕ್ಕ ಸರೋಜ. ಬೆಟ್ಟದಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಪಕ್ಕದ ಊರೇ ನಮ್ಮ ತವರು. ಅವಳ ಮದುವೆಯಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ರಸ್ತೆಯ ಕೆಳಗಿನ ಒಂದು ಗದ್ದೆಯನ್ನು ಅವಳ ಹೆಸರಿಗೆ ಮಾಡಿಕೊಟ್ಟಿದ್ದರು. ಭಾವ ಶಿವಣ್ಣನವರದು ಮೇಲಿನ ಹೊಲ, ಹೊಗೆಸೊಪ್ಪು, ಸೊಪ್ಪು ಬೇಯಿಸಿ ಹದ ಮಾಡುವ ಬ್ಯಾರನ್ನು. ಗದ್ದೆಯ ತಂಟೆಗೆ ಅವರು ಹೋಗುತ್ತಿರಲಿಲ್ಲ. ಯಾವ ತಳಿ, ಯಾವಾಗ ನೀರು, ಯಾರನ್ನು ನಾಟಿಗೆ ಕರೆಯುವುದು, ಎಲ್ಲ ಅಕ್ಕನದೇ ಯಜಮಾನಿಕೆ. ಮನೆಯಲ್ಲಿ ಮೆತ್ತಗೆ ಮಾತಾಡುವ ಅಕ್ಕ ಬದುವಿನ ಮೇಲೆ ನಿಂತರೆ ಬೇರೆಯೇ ಹೆಂಗಸು.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯ ಮಧ್ಯಾಹ್ನ, ಆ ಗದ್ದೆಯ ಮೇಲಿನ ತಿರುವಿನಲ್ಲಿ ಡೀಸೆಲ್ ಟ್ಯಾಂಕರ್ ಮಗುಚಿತು. ಪುಣ್ಯಕ್ಕೆ ಡ್ರೈವರು ಉಳಿದುಕೊಂಡ. ಊರಿನವರು ಬಕೆಟ್ಟು, ಕೊಡ, ಕ್ಯಾನು ಹಿಡಿದು ಓಡಿದರು. (ಬೇಡಿ ಎಂದು ಪೊಲೀಸರು ಕೂಗುತ್ತಲೇ ಇದ್ದರು. ಯಾರು ಕೇಳುತ್ತಾರೆ?) ಕೊಡಕ್ಕೆ ಸಿಗದಿದ್ದದ್ದೆಲ್ಲ ಇಳಿಜಾರು ಹಿಡಿದು ಅಕ್ಕನ ಗದ್ದೆ ಸೇರಿತು.

ಮಾರನೆಯ ದಿನ ಕ್ರೇನ್ ತಂದು ಟ್ಯಾಂಕರನ್ನು ಎತ್ತಿಕೊಂಡು ಹೋದರು. ಗದ್ದೆಯನ್ನು ಎತ್ತುವವರು ಯಾರು?

ಅಕ್ಕ ಫೋನ್ ಮಾಡಿದಳು. "ಮಣ್ಣು ಸತ್ತೋಯ್ತು ಕಣೆ. ಎರೆಉಳ ಎಲ್ಲ ಮೇಲ್ ಬಂದು ಬಿದ್ಕಂಡವೆ."

ಭಾವ ಲೆಕ್ಕಾಚಾರದ ಮನುಷ್ಯ. "ರಸ್ತೆ ಬದೀಲದೆ. ಮಣ್ಣು ತುಂಬ್ಸಿ ಸೈಟ್ ಮಾಡ್ಬುಡಾನ" ಎಂದರು. ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. "ನಮ್ಮಪ್ಪ ಕೊಟ್ಟಿದ್ದು ಗದ್ದೆ. ಸೈಟಲ್ಲ."

ಆಗ ನನಗೆ ನೆನಪಾದವಳು ನಯನಾ. ನನ್ನ ಹಳೆಯ ವಿದ್ಯಾರ್ಥಿನಿ. ಮೈಸೂರಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕರೆದ ತಕ್ಷಣ ಬಂದಳು, ಜೀನ್ಸು, ಕ್ಯಾನ್ವಾಸ್ ಶೂ, ಬೆನ್ನಿಗೊಂದು ಬ್ಯಾಗು. ಅಕ್ಕ ನನ್ನ ಕಿವಿಯಲ್ಲಿ "ಈ ಮಗ ಏನ್ ಮಾಡಾತು?" ಎಂದಳು. ಅಷ್ಟರಲ್ಲಿ ನಯನಾ ಗದ್ದೆಯೊಳಗೆ ಮಂಡಿಯೂರಿ, ಒಂದು ಹಿಡಿ ಮಣ್ಣು ತೆಗೆದು ಮೂಗಿನ ಹತ್ತಿರ ಹಿಡಿದಿದ್ದಳು. ಅಕ್ಕ ಬದು ಇಳಿದು ಅವಳ ಪಕ್ಕಕ್ಕೆ ಹೋದಳು. ಗದ್ದೆಯ ಮಣ್ಣನ್ನು ಹಾಗೆ ಮೂಸಿ ನೋಡುವುದು ಅಕ್ಕನದೇ ಅಭ್ಯಾಸ.

"ಅಮ್ಮ, ಹೊರಗಿಂದ ಏನೂ ತರೋದು ಬೇಡ" ಎಂದಳು ನಯನಾ. "ಈ ಎಣ್ಣೇನ ತಿನ್ನೋವು ಇದೇ ಮಣ್ಣಲ್ಲಿ ಇದಾವೆ. ಕಣ್ಣಿಗೆ ಕಾಣಲ್ಲ ಅಷ್ಟೇ. ಅವಕ್ಕೆ ಉಸಿರಾಡೋಕೆ ಗಾಳಿ ಬೇಕು. ತೇವ ಬೇಕು. ಡೀಸೆಲ್ ಒಂದನ್ನೇ ತಿಂದು ಬದುಕೋಕಾಗಲ್ಲ, ಸ್ವಲ್ಪ ಗೊಬ್ಬರಾನೂ ಬೇಕು."

"ಬರೀ ಮುದ್ದೆ ತಿನ್ನಕ್ಕಾಯ್ತದಾ? ಸಾರು ಬೇಡ್ವಾ?" ಎಂದಳು ಅಕ್ಕ.

"ಹೂಂ, ಅಷ್ಟೇ ಅಮ್ಮ."

ಅವತ್ತಿನಿಂದ ಅವರಿಬ್ಬರೂ ಒಂದಾದರು. ಎಣ್ಣೆ ಕಾಲುವೆಗೆ ಹೋಗದ ಹಾಗೆ ಬದು ಗಟ್ಟಿ ಮಾಡಿಸಿದರು. ಉತ್ತರು. ಸಗಣಿ ಗೊಬ್ಬರ, ಸ್ವಲ್ಪ ಯೂರಿಯಾ ಹಾಕಿ ನೀರು ಚಿಮುಕಿಸಿದರು. ಮತ್ತೆ ಉತ್ತರು. ಬಿತ್ತುವುದಿಲ್ಲ, ನೆಡುವುದಿಲ್ಲ, ಸುಮ್ಮನೆ ಉಳುವುದು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು. ಭಾವನೂ ಟ್ರ್ಯಾಕ್ಟರ್ ಹೇಳಿ ಕಳಿಸುತ್ತಿದ್ದರೇ ಹೊರತು ಕೆಳಗಿಳಿದು ನೋಡಲಿಲ್ಲ.

ನಯನಾ ಮಣ್ಣನ್ನು ಲ್ಯಾಬಿಗೆ ಒಯ್ದು, ಅದರೊಳಗಿನ ಎಣ್ಣೆಬಾಕರನ್ನು ಬೆಳೆಸಿ, ಹೆಸರು ಪತ್ತೆ ಮಾಡಿದಳು. ಹಲವು ಥರದವು ಇದ್ದವಂತೆ. ಅವುಗಳಲ್ಲಿ ಜೋರಾಗಿ ಕೆಲಸ ಮಾಡುತ್ತಿದ್ದದ್ದು ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ. ಅಕ್ಕನ ನಾಲಿಗೆ ಅದನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಿತು. ಬಾರುಕೋಲು. ಎತ್ತಿಗೆ ಬೀಸುವ ಚಾಟಿ ಇದೆಯಲ್ಲ, ಅದು.

ಆಮೇಲೆ ಫೋನಿನಲ್ಲಿ ಅದೇ ಮಾತು. "ಬಾರ್ಕೋಲು ಕೆಲ್ಸ ಮಾಡ್ತಾ ಅವೆ ಕಣೆ. ವಾಸ್ನೆ ಕಮ್ಮಿಯಾಗದೆ." ಇನ್ನೊಂದು ಸಲ, "ಗರಿಕೆ ಚಿಗುರದೆ." ಒಂದು ದಿನ ನಾನು ಕ್ಲಾಸಿನಲ್ಲಿದ್ದಾಗ ಬಿಟ್ಟೂ ಬಿಡದೆ ಫೋನ್ ಮಾಡಿದಳು. ಏನಾಯಿತೋ ಎಂದು ಗಾಬರಿಯಿಂದ ಆಚೆ ಬಂದೆ. "ಎರೆಉಳ ಬಂದದೆ" ಎಂದಳು. ಎದುರಿಗೆ ಮಕ್ಕಳಿದ್ದರು. ನಾನು ಕಣ್ಣೊರೆಸಿಕೊಂಡದ್ದನ್ನು ಅವರೇನೆಂದು ತಿಳಿದರೋ ಗೊತ್ತಿಲ್ಲ.

ಮಣ್ಣಿನಲ್ಲಿ ಎಣ್ಣೆ ಉಳಿದಿಲ್ಲವೆಂದು ಪರೀಕ್ಷೆ ಮಾಡಿಸಿದ ಮೇಲೆ, ಮುಂದಿನ ಮಳೆಗಾಲಕ್ಕೆ ನಾಟಿ ಹಾಕಿದಳು. ಬೆಳೆ ಬಂತು. ಹೊಸ ಅಕ್ಕಿಯಲ್ಲಿ ಒಂದು ಚೀಲ ಮೈಸೂರಿಗೆ, ನಯನಾಳಿಗೆ ಹೋಯಿತು. ಆ ವರ್ಷ ನಾನು ಇದೇ ಅಂಕಣದಲ್ಲಿ ಅದನ್ನು ಬರೆಯಬೇಕೆಂದಿದ್ದೆ. ಗೆದ್ದ ಕಥೆಗಳನ್ನು ಬೇಗ ಬರೆದುಬಿಡಬೇಕು. ಯಾಕೆಂದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ.

ಹೋದ ವರ್ಷದ ನಾಟಿ. ಎಂದಿನಂತೆ ಅಕ್ಕನೂ ಹೆಂಗಸರ ಜೊತೆ ಕೆಸರಿಗಿಳಿದಿದ್ದಳು. ಹಿಮ್ಮಡಿಗೆ ಏನೋ ತಗುಲಿತು, ಗಾಜಿನ ಚೂರೋ ಹಳೆ ಪೈರಿನ ಕೂಳೆಯೋ. ಸಣ್ಣ ಗಾಯ. ಅವಳಿಗೆ ಹಲವು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದಾಗ ನುಂಗುತ್ತಿದ್ದಳು, ಮರೆತಾಗ ಇಲ್ಲ. ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಮಾರನೆಯ ದಿನವೂ ಇಳಿದಳು.

ಜ್ವರ ಬಂತು. ಹೋಯಿತು. ಮತ್ತೆ ಬಂತು. ಜೊತೆಗೆ ಕೆಮ್ಮು. ಮೊದಲು ತೋರಿಸಿದ ಡಾಕ್ಟರು ಟೈಫಾಯ್ಡ್ ಎಂದರು. ಎಕ್ಸ್‌ರೇ ನೋಡಿದ ಇನ್ನೊಬ್ಬರು ಟಿಬಿ ಇರಬೇಕೆಂದು ಮಾತ್ರೆ ಶುರು ಮಾಡಿದರು. ಅಕ್ಕ ದಿನದಿನಕ್ಕೆ ಇಳಿದಳು. ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಟಿಬಿ ಮಾತ್ರೆಗೆ ಹಾಗೇ ಆಗುತ್ತದೆ, ಹೊಟ್ಟೆ ತುಂಬ ತಿನ್ನಲಿ ಎಂದರು. ತಿನ್ನುವುದು ಎಲ್ಲಿಂದ? ಗಂಜಿಯ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದಳು.

ಕೊನೆಗೆ ನಾನೂ ಭಾವನೂ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ನೋಡಿದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅಷ್ಟು ದಿನ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು.

"ಇವರು ಏನು ಕೆಲಸ ಮಾಡ್ತಾರೆ?"

"ಗದ್ದೆ ಕೆಲ್ಸ" ಎಂದರು ಭಾವ.

"ಶುಗರ್ ಇದೆ ಅಲ್ವಾ?"

ರಕ್ತವನ್ನು ಬೇರೆ ಪರೀಕ್ಷೆಗೆ ಕಳಿಸಿದರು. ಸ್ಕ್ಯಾನ್ ಮಾಡಿಸಿದರು. ಪಿತ್ತಜನಕಾಂಗದಲ್ಲೂ ಗುಲ್ಮದಲ್ಲೂ ಕೀವು ತುಂಬಿಕೊಂಡಿತ್ತು. ರಿಪೋರ್ಟ್ ಬಂದಾಗ ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು ನನಗೂ ಭಾವನಿಗೂ ವಿವರಿಸಿದರು. ಕಾಯಿಲೆಯ ಹೆಸರು ಮೆಲಿಯಾಯ್ಡೋಸಿಸ್. ಮಣ್ಣಿನಲ್ಲೂ ನೀರಿನಲ್ಲೂ ಇರುವ ಬ್ಯಾಕ್ಟೀರಿಯಾದಿಂದ ಬರುವುದು. ಸಕ್ಕರೆ ಕಾಯಿಲೆ ಇರುವವರನ್ನು ಹುಡುಕಿ ಹಿಡಿಯುತ್ತದೆ. ನೋಡಲು ಟಿಬಿಯಂತೆಯೇ ಇರುತ್ತದೆ. ಬ್ಯಾಕ್ಟೀರಿಯಾದ ಹೆಸರನ್ನೂ ಹೇಳಿದರು.

ಕಣ್ಣು ಮುಚ್ಚಿ ಮಲಗಿದ್ದ ಅಕ್ಕ ಕಣ್ಣು ಬಿಟ್ಟಳು.

"ಬಾರ್ಕೋಲಾ?" ಎಂದಳು. "ನಮ್ ಗದ್ದೇದಾ?"

ಅವಳ ಹತ್ತಿರ ಬಗ್ಗಿ ಹೇಳಿದೆ. "ಅದಲ್ಲಕ್ಕ. ಎಣ್ಣೆ ತಿಂದಿದ್ದು ಬೇರೆ. ಇದು ಅದರ ದಾಯಾದಿ. ಮನೆತನ ಒಂದೇ, ಅಷ್ಟೇ."

"ದಾಯಾದಿ ಇಲ್ದಿರೋ ಮನೆ ಎಲ್ಲದೆ ಬುಡು" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಕೈ ಸುಡುತ್ತಿತ್ತು. "ನಯನಂಗೆ ಹೇಳ್ಬ್ಯಾಡ ಕಣೆ. ಆ ಮಗ ನೊಂದ್ಕತದೆ."

ಸರಿಯಾದ ಇಂಜೆಕ್ಷನ್ ಶುರುವಾಯಿತು. ಎರಡು ದಿನ ಜ್ವರ ಇಳಿದು, ಇಡ್ಲಿ ಬೇಕೆಂದು ಕೇಳಿದಳು. ನಮಗೆ ಆಸೆ ಹುಟ್ಟಿತು. ಆದರೆ ಕಾಯಿಲೆ ಆಗಲೇ ಬಹಳ ಒಳಗೆ ಇಳಿದಿತ್ತು. ಉಸಿರು ಕಷ್ಟವಾಯಿತು, ಐಸಿಯುಗೆ ಹಾಕಿದರು. ಅಲ್ಲಿಂದ ಅಕ್ಕ ಬರಲಿಲ್ಲ. ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳಿ ಏನು ಮಾಡುವುದು?

ತಿಥಿಯ ದಿನ ಎಲೆ ಎತ್ತಿದ ಮೇಲೆ ಭಾವ ಜಗಲಿಯ ಮೇಲೆ ಕೂತಿದ್ದರು. ನೆಂಟರೆಲ್ಲ ಇದ್ದರು. ಯಾರ ಮುಖವನ್ನೂ ನೋಡದೆ ಹೇಳಿದರು.

"ಉಳ ಸಾಕಿದ್ವಿ ಕಣಮ್ಮ. ನಾವೇ ಗೊಬ್ರ ಆಕಿ, ನೀರ್ ಬುಟ್ಟು, ಮೇವಾಕಿ ಸಾಕಿದ್ವಿ. ಸಾಕಿದ್ದೇ ತಿಂದಾಕ್ತು. ನೀನು ಕರ್ಕಂಡ್ ಬಂದ್ಯಲ್ಲ ಆ ಹುಡ್ಗಿ, ಅವ್ಳು ನಮ್ ಮಣ್ಣಿಗೆ ಏನ್ ತಿನ್ಸುದ್ಲೋ ಏನೋ."

ಮಾತು ಊರು ಸುತ್ತಿತು. ಸುತ್ತುವಾಗ ಬೆಳೆಯಿತು. ಮೈಸೂರಿನ ಹುಡುಗಿ ಬಾಟಲಿಯಲ್ಲಿ ಹುಳ ತಂದು ಬಿಟ್ಟಳಂತೆ. ಆ ಗದ್ದೆಗೆ ಕಾಲಿಟ್ಟರೆ ಸಾಯುತ್ತಾರಂತೆ.

ಭಾವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಂಡತಿಯನ್ನು ಕಳೆದುಕೊಂಡವರಿಗೆ ಒಂದು ಉತ್ತರ ಬೇಕು. ನಮಗೆಲ್ಲರಿಗೂ ಬೇಕು. ನಾನು ಪಾಠ ಮಾಡುವ ಪುಸ್ತಕದಲ್ಲಿ ಉಪಕಾರಿ ಸೂಕ್ಷ್ಮಜೀವಿಗಳು ಒಂದು ಪುಟದಲ್ಲಿ, ರೋಗಕಾರಕಗಳು ಇನ್ನೊಂದು ಪುಟದಲ್ಲಿ ಇರುತ್ತವೆ. ಮಕ್ಕಳು ಪಟ್ಟಿ ಬರೆದು ಮಧ್ಯೆ ಗೆರೆ ಎಳೆಯುತ್ತಾರೆ. ನಾನು ಮಾರ್ಕ್ಸ್ ಕೊಡುತ್ತೇನೆ. ಈಗ ಓದಿ ತಿಳಿದುಕೊಂಡೆ, ಈ ಬರ್ಕೋಲ್ಡೇರಿಯಾದ ಮನೆತನ ದೊಡ್ಡದು. ಒಂದು ಎಣ್ಣೆ ತಿನ್ನುತ್ತದೆ, ಒಂದು ಕೀಟನಾಶಕ ತಿನ್ನುತ್ತದೆ. ಒಂದು ಪೈರಿನ ಬೇರಿಗೆ ಗೊಬ್ಬರ ಒದಗಿಸುತ್ತದೆ. ಒಂದು ಈರುಳ್ಳಿ ಕೊಳೆಸುತ್ತದೆ. ಎಷ್ಟೋ ಸಲ ತೋಟಕ್ಕೆ ಉಪಕಾರ ಮಾಡುವುದೇ, ಶ್ವಾಸಕೋಶ ಸೋತವರ ಎದೆಯೊಳಗೆ ಹೊಕ್ಕರೆ ಪ್ರಾಣಕ್ಕೆ ಕುತ್ತು. ಏನು ಸಿಕ್ಕರೂ ತಿಂದು ಬದುಕುವ ಜಾಣತನ ಅವಕ್ಕಿದೆ. ಆ ಜಾಣತನದಿಂದಲೇ ಡೀಸೆಲ್ ಕರಗುತ್ತದೆ. ಅದೇ ಜಾಣತನದಿಂದ ಮನುಷ್ಯರ ಮೈಯೊಳಗೂ ಬದುಕುತ್ತವೆ.

ಇದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು? ಗೆರೆ ಎಲ್ಲಿ ಎಳೆಯಲಿ?

ನಯನಾಳಿಗೆ ನಾನು ಹೇಳಲಿಲ್ಲ. ಅಕ್ಕ ತೀರಿಕೊಂಡ ಸುದ್ದಿಯಷ್ಟೇ ಕೊಟ್ಟೆ. ಆದರೆ ಮೈಸೂರು ದೊಡ್ಡ ಊರಲ್ಲ. ಲ್ಯಾಬಿನವರಿಗೆ ಲ್ಯಾಬಿನವರು ಗೊತ್ತಿರುತ್ತಾರೆ. ಒಂದು ಸಂಜೆ ಫೋನ್ ಮಾಡಿದಳು. ಒಂದೇ ಮಾತು ಕೇಳಿದಳು.

"ಮೇಡಂ, ನಾನು ಆ ಮಣ್ಣಲ್ಲಿ ಯಾರ್ಯಾರಿಗೆ ಊಟ ಹಾಕಿದೆ?"

ಹಂಚಿ ಹಾಕಿದ ಊಟವನ್ನು ನೆಂಟರು ಮಾತ್ರ ತಿನ್ನುತ್ತಾರೆಯೇ?

ಅವಳು ಬಂದು ಮತ್ತೆ ಮಣ್ಣು ತೆಗೆದಳು. ಈ ಸಲ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು. ದೂರದಲ್ಲಿ ನಿಂತ ಜನ ಈ ಸಲ ನಗುತ್ತಿರಲಿಲ್ಲ. ಗದ್ದೆಯ ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ ಮಣ್ಣು ತುಂಬಿಕೊಂಡು ಹೋದಳು. ಭಾವ ಮನೆಯಿಂದ ಆಚೆ ಬರಲಿಲ್ಲ.

ಫಲಿತಾಂಶ ಬಂದ ಮೇಲೆ ನನ್ನನ್ನು ಕರೆದುಕೊಂಡು ಭಾವನ ಮನೆಗೆ ಹೋದಳು. "ನಾನೇ ಹೇಳ್ತೀನಿ ಬಿಡು, ನೀನು ಬರೋದು ಬೇಡ" ಎಂದೆ. ಕೇಳಲಿಲ್ಲ.

ಭಾವ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಆ ಕಾಯಿಲೆ ತರೋದು ನಿಮ್ಮ ಗದ್ದೆ ಮಣ್ಣಲ್ಲಿ ಸಿಗಲಿಲ್ಲ" ಎಂದಳು.

ಭಾವ ತಲೆ ಎತ್ತಿದರು. ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಪಾರಾಗುತ್ತಿದ್ದಳು. ಊರಿನ ಬಾಯಿ ಮುಚ್ಚುತ್ತಿತ್ತು. ನಾನು ಒಳಗೊಳಗೇ ಸಾಕು ಮಗಳೇ, ಸಾಕು ಎನ್ನುತ್ತಿದ್ದೆ.

"ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ" ಎಂದಳು. "ಅದು ಸುಲಭಕ್ಕೆ ಸಿಗಲ್ಲ. ಇವತ್ತು ಇರದೆ ಇರಬಹುದು, ಹೋದ ವರ್ಷ ಇದ್ದಿರಬಹುದು. ಕಾಲುವೆ ನೀರಲ್ಲಿ ಬಂದಿರಬಹುದು. ಅಮ್ಮಂಗೆ ಎಲ್ಲಿಂದ ತಗುಲಿತು ಅಂತ ನನಗೆ ಗೊತ್ತಿಲ್ಲ."

"ನೀನು ಬರ್ದೇ ಇದ್ದಿದ್ರೆ?" ಎಂದರು ಭಾವ. ಗಟ್ಟಿಯಾಗಿಯಲ್ಲ.

"ಅದೂ ಗೊತ್ತಿಲ್ಲ."

ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು. ಭಾವ ಅದರ ಕಡೆ ನೋಡಲಿಲ್ಲ, ನಯನಾಳನ್ನೇ ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ, ಬೈಸಿಕೊಳ್ಳಲು ನಿಂತ ಹುಡುಗಿಯ ಹಾಗೆ ನಿಂತಿದ್ದಳು.

"ನಿಂಗೆ ಹೇಳ್ಬ್ಯಾಡ ಅಂದಿದ್ಲು" ಎಂದರು ಕೊನೆಗೆ. "ನೊಂದ್ಕತೀಯ ಅಂತ. ಆಸ್ಪತ್ರೇಲಿ, ನನ್ನೆದುರ್ಗೇನೆ." ಎದ್ದರು. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಅಡ್ಗೆ ಮನೇಲಿ ಅನ್ನ ಅದೆ. ಊಟ ಮಾಡ್ಕಂಡು ಓಗವ್ವ."

ಅವರೇ ಬಡಿಸಿದರು. ನಯನಾ ಉಣ್ಣುತ್ತಾ ಅಳುತ್ತಿದ್ದಳು. ಭಾವ ಅದನ್ನು ಕಾಣದವರಂತೆ ಸಾರು ಹಾಕುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೆ ನಾನೂ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮತ್ತೆ ಮಳೆ ಬಂತು. ಕಾಲುವೆಗೆ ನೀರು ಬಿಟ್ಟರು. ಅಕ್ಕನ ಗದ್ದೆಯನ್ನು ಬೀಳು ಬಿಡುವುದಿಲ್ಲ ಎಂದು ಭಾವನೇ ಹೊರಟರು. ಒಟ್ಟಲು ಹಾಕಿಸಿ ಸಸಿ ಬೆಳೆಸಿದರು, ಕೆಸರುಗದ್ದೆ ಮಾಡಿಸಿದರು. ನಾಟಿಗೆ ಕರೆದರೆ ಒಬ್ಬರೂ ಬರಲಿಲ್ಲ.

ಬೂಟು ಹುಡುಕಿ ಹೊರಡುವುದಕ್ಕೆ ಮುಂಚಿನ ಭಾನುವಾರ ಕೆಂಪಮ್ಮನ ಮನೆಗೆ ಹೋದೆ. ಊರಿನ ನಾಟಿ ಆಳುಗಳಿಗೆ ಅವಳೇ ಮುಂದಾಳು. ವರ್ಷಗಟ್ಟಲೆ ಅಕ್ಕನ ಪಕ್ಕದಲ್ಲೇ ನಿಂತು ಪೈರು ನೆಟ್ಟವಳು. ಹುಳ ತಂದು ಬಿಟ್ಟರು ಎಂಬುದೆಲ್ಲ ಸುಳ್ಳು ಎಂದು ಹೇಳಲು ಹೋಗಿದ್ದೆ.

"ಅದ್ ಬುಡವ್ವ, ನಾನು ನಂಬಿಲ್ಲ" ಎಂದಳು. ಸೆರಗಿನಿಂದ ಮೊಣಕಾಲು ಮುಚ್ಚಿಕೊಂಡಳು. "ನಂಗೂ ಸಕ್ರೆ ಕಾಯ್ಲೆ ಅದೆ. ನಮ್ ಗುಂಪಲ್ಲಿ ಇನ್ನೂ ಮೂರ್ ನಾಕು ಜನುಕ್ಕದೆ. ನೀನು ಓದಿರೋಳು. ನಾವು ಗದ್ದೆಗಿಳಿಯದಾ, ಬ್ಯಾಡ್ವಾ?"

ಇಳಿಯಬೇಡ ಎನ್ನಲೇ? ಅಕ್ಕನದೊಂದೇ ಗದ್ದೆಯೇ? ಮಣ್ಣು ಎಲ್ಲ ಕಡೆಯೂ ಮಣ್ಣೇ. ಇಳಿಯದಿದ್ದರೆ ಅವಳು ಉಣ್ಣುವುದೇನು? ಇಳಿ ಎನ್ನಲೇ? ಯಾವ ಬಾಯಲ್ಲಿ?

ಗೊತ್ತಿದ್ದಷ್ಟು ಹೇಳಿದೆ. ಸಕ್ಕರೆ ಮಾತ್ರೆ ತಪ್ಪಿಸಬೇಡ. ಗಾಯ ಇದ್ದ ದಿನ ಇಳಿಯಬೇಡ. ಬರಿಗಾಲು ಆದಷ್ಟು ತಪ್ಪಿಸು. ಮೇಲೆ ಬಂದ ತಕ್ಷಣ ಸೋಪು ಹಾಕಿ ಕೈಕಾಲು ತೊಳಿ. ಜ್ವರ ಬಂದರೆ ಕಾಯಬೇಡ. ಡಾಕ್ಟರು ಕೇಳಲಿ ಬಿಡಲಿ, ಗದ್ದೆ ಕೆಲಸ ಮಾಡ್ತೀನಿ, ಸಕ್ಕರೆ ಇದೆ ಅಂತ ನೀನೇ ಮೊದಲು ಹೇಳು.

ಕೆಂಪಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಆಮೇಲೆ ನನ್ನ ಮುಖ ನೋಡಿ, ಯಾವ ಕೊಂಕೂ ಇಲ್ಲದೆ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು:

"ಇಷ್ಟು ಮಾತ ನಮ್ ಸರೋಜಕ್ಕಂಗೆ ಯಾರಾದ್ರೂ ಹೇಳಿದ್ರಾ ಅವ್ವ?"